ಅಡುಗೆಮನೆಯ ಪಡುವಣ ಗೋಡೆ

ಮುರಿಗೆಪ್ಪ ತನ್ನ ಹೆಂಡತಿ ಕಸ್ತೂರಿಯ ಬೆನ್ನಿಗೆ ಬಟ್ಟೆ ಅಳೆಯುವ ಕಬ್ಬಿಣದ ಮೀಟರ್ ಕೋಲಿನಿಂದ ನಾಲ್ಕು ಸಲ ಹೊಡೆದ. ಅದು ಸೋಮವಾರ ಬೆಳಿಗ್ಗೆ, ಅಡುಗೆಮನೆಯಲ್ಲಿ. ಹೊಡೆದಾದ ಮೇಲೆ ಕೋಲನ್ನು ಒರೆಸಿಕೊಂಡು ಅಂಗಡಿಗೆ ಹೋದ. ಅವತ್ತು ಲಂಗದ ಬಟ್ಟೆಗೆ ಗಿರಾಕಿ ಹೆಚ್ಚಿದ್ದರು.

ಕಸ್ತೂರಿ ಒಲೆ ಆರಿಸಿ, ಕೂದಲು ಗಂಟು ಹಾಕಿಕೊಂಡು, ನಡೆದೇ ಠಾಣೆಗೆ ಹೋದಳು. ಜಮಾದಾರ ಅವಳ ಬೆನ್ನು ನೋಡಲಿಲ್ಲ. ನಮ್ಮೂರಿನಲ್ಲಿ ಯಾರೂ ಬೆನ್ನು ನೋಡುವುದಿಲ್ಲ. "ಯಾವ ಗ್ವಾಡಿ?" ಎಂದು ಕೇಳಿದ. "ಅಡಗಿಮನಿದ್ರಿ. ಪಡುವಣ ದಿಕ್ಕಿಂದು," ಎಂದಳು. ಬರೆದುಕೊಂಡ.

ನಮ್ಮೂರಿನಲ್ಲಿ ಗಂಡ ಹೊಡೆದ ಪೆಟ್ಟು ಹೆಂಡತಿಯ ಮೈಮೇಲೆ ಮೂಡುವುದಿಲ್ಲ, ಹೊಡೆದ ಕೋಣೆಯ ಗೋಡೆಯ ಮೇಲೆ ಮೂಡುತ್ತದೆ. ನೋವು ಅವಳಿಗೆ, ಗುರುತು ಗೋಡೆಗೆ. ನಿಂತಿದ್ದರೆ ನಿಂತ ಎತ್ತರಕ್ಕೆ, ಕುಕ್ಕರಗಾಲಲ್ಲಿ ಕೂತಿದ್ದರೆ ಕೂತ ಎತ್ತರಕ್ಕೆ. ಮೊದಲು ಕೆಂಪು, ಸಂಜೆಗೆ ನೀಲಿ, ವಾರದ ಮೇಲೆ ಕಂದು. ಆಮೇಲೆ ಹಾಗೇ ಉಳಿಯುತ್ತದೆ. ಹೆಣ್ಣು ಕೊಡುವವರು ಮನೆ ನೋಡಲು ಬಂದಾಗ ಹಿರಿಯಳೊಬ್ಬಳು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಕ್ಯಾಲೆಂಡರ್ ಎತ್ತಿ ನೋಡುತ್ತಾಳೆ. ಹೆಗಲೆತ್ತರಕ್ಕೆ ದೇವರ ಪಟಗಳು ಹೆಚ್ಚಿದ್ದರೆ ಚಹಾ ಮುಟ್ಟದೆ ಎದ್ದು ಬರುತ್ತಾರೆ. ಬಾಡಿಗೆಗೆ ಕೊಡುವವರು ಹೊಸ ಜೋಡಿಗೆ ಮೊದಲೇ ಹೇಳುತ್ತಾರೆ, "ಮೊಳಿ ಹೊಡೀಬ್ಯಾಡ್ರಿ, ಹೇಣ್ತೀನ್ನ ಹೊಡೀಬ್ಯಾಡ್ರಿ, ಗ್ವಾಡಿ ಹೊಸಾದೈತಿ." ಸರಕಾರಿ ದವಾಖಾನೆಯ ಡಾಕ್ಟರು 'ಮೈಮೇಲೆ ಗಾಯವಿಲ್ಲ, ಗೋಡೆ ನೋಡುವುದು' ಎಂದು ಒಂದು ರಬ್ಬರ್ ಮುದ್ರೆಯನ್ನೇ ಮಾಡಿಸಿಟ್ಟುಕೊಂಡಿದ್ದಾರೆ. ಎಣ್ಣೆಬಣ್ಣ ಬಳಿದರೆ ಗುಳ್ಳೆಯೆದ್ದು ಸುಲಿಯುತ್ತದೆ, ಟೈಲ್ಸ್ ಹಚ್ಚಿದರೆ ಬಿರಿಯುತ್ತದೆ. ಮುಚ್ಚುವುದು ಸುಣ್ಣವೊಂದೇ. ಅದೂ ಮೂರು ಕೈ ಬಳಿಯಬೇಕು.

ಆ ಸುಣ್ಣ ಬಳಿಯುವವಳು ನಾನು, ಫಕೀರವ್ವ. ನನ್ನ ಅವ್ವ ಬಳಿದಳು, ಅವಳ ಅತ್ತೆ ಬಳಿದಳು. ಊರಾಚೆ ನಮ್ಮ ಭಟ್ಟಿ ಇದೆ. ಕಲ್ಲು ಸುಡುತ್ತೇವೆ, ನೀರು ಹಾಕಿ ಅರಳಿಸುತ್ತೇವೆ, ಅಂಟು ಕೂಡಿಸಿ, ಚಿಟಿಕೆ ನೀಲಿ ಹಾಕಿ, ಪುಂಡಿನಾರಿನ ಕುಂಚದಲ್ಲಿ ಬಳಿಯುತ್ತೇವೆ. ಕೇಸು ಬಿದ್ದರೆ ಅದೇ ಗೋಡೆಯನ್ನು ಕೋರ್ಟಿನವರ ಮುಂದೆ ಕರಣೆಯಿಂದ ಕೆರೆಯುವವಳೂ ನಾನೇ. ಬೇರೆ ಯಾರಿಗೂ ಆ ಕೈ ಇಲ್ಲ. ಬಿರುಸಾಗಿ ಕೆರೆದರೆ ಗೋಡೆಯೇ ಕಿತ್ತು ಬರುತ್ತದೆ. ಹೀಗೆ ಆರೋಪಿಗೆ ಬಳಿದುಕೊಟ್ಟು, ಸರಕಾರಕ್ಕೆ ಕೆರೆದುಕೊಟ್ಟು ನಮ್ಮ ಮನೆತನ ಬದುಕಿದೆ. ಅದಕ್ಕೇ ನಮ್ಮಿಂದ ಒಂದು ಆಣೆ ಮಾಡಿಸಿದ್ದಾರೆ. ಕೆರೆಯುವ ಮುಂಚೆ ಎರಡೂ ಅಂಗೈ ತೋರಿಸಿ ನಾವು ಹೇಳಬೇಕು: "ನಾನು ಕೈ, ಕಣ್ಣಲ್ಲ." ಬಳಿಯುವಾಗ ಕಂಡದ್ದನ್ನು ನಾವು ಯಾವ ಕೋರ್ಟಿನಲ್ಲೂ ಹೇಳುವಂತಿಲ್ಲ. ಹೇಳಿದರೂ ಯಾರೂ ಬರೆದುಕೊಳ್ಳುವಂತಿಲ್ಲ.

ನನ್ನ ಗಂಡ ಬದುಕಿದ್ದಾಗ ನನಗೂ ಬಿದ್ದಿವೆ. ನಮ್ಮ ಕೇರಿಯಲ್ಲಿ ಗೋಡೆಗಳಿಲ್ಲ, ಜೋಳದ ದಂಟಿನ ತಟ್ಟಿ. ತಟ್ಟಿಯ ಮೇಲೆ ಏನೂ ಮೂಡುವುದಿಲ್ಲ. ಒಂದು ಸಲ ಠಾಣೆಗೆ ಹೋಗಿದ್ದೆ. ಜಮಾದಾರ ನಕ್ಕು, "ಗ್ವಾಡಿ ಕಟ್ಟಿಸಿಕೊಂಡ ಬಾರವಾ ಮೊದಲ," ಎಂದಿದ್ದ.

ಆ ಸೋಮವಾರ ಮಧ್ಯಾಹ್ನವೇ ಮುರಿಗೆಪ್ಪನ ಮನೆಯಿಂದ ಕರೆ ಬಂತು. ಹೋದೆ. ಹೋಗಲಿಲ್ಲವೆಂದು ಬರೆದು ದೊಡ್ಡವಳಾಗಬಹುದಿತ್ತು, ಆದರೆ ಹೋದೆ. ಅಡುಗೆಮನೆಯಲ್ಲಿ ಅವನ ತಾಯಿ ಗುರುಸಿದ್ದವ್ವ ಮಸಾಲೆ ಅರೆಯುವ ಒಳಕಲ್ಲಿನ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಳು. ಪಡುವಣ ಗೋಡೆಯ ಮೇಲೆ ನಾಲ್ಕು ಗುರುತು. ಪ್ರತಿಯೊಂದರಲ್ಲೂ ಎರಡು ಕೆಂಪು ಗೆರೆ, ನಡುವೆ ಬಿಳಿ. ಕಬ್ಬಿಣದ ಪಟ್ಟಿ ಬಿದ್ದರೆ ಹಾಗೆಯೇ: ಅಂಚುಗಳು ಮೂಡುತ್ತವೆ, ನಡುವೆ ಖಾಲಿ. ಮರದ ಕೋಲಾದರೆ ಗೆರೆ ಇರುವುದಿಲ್ಲ, ಮಸಿ ಚೆಲ್ಲಿದಂತೆ ಹರಡಿಕೊಳ್ಳುತ್ತದೆ. ಆ ಮನೆಯಲ್ಲಿ ಮರದವೂ ಇದ್ದವು, ಕೆಳಗಿನ ಪದರುಗಳಲ್ಲಿ. ಮುರಿಗೆಪ್ಪನ ಅಪ್ಪ ಮರದ ಗಜಕೋಲಿನಿಂದ ಬಟ್ಟೆ ಅಳೆಯುತ್ತಿದ್ದ ಕಾಲದವು. ಅವನ್ನು ಮುಚ್ಚಿದ್ದು ನನ್ನ ಅವ್ವ. ಆಗ ನಾನು ಬಕೆಟ್ಟು ಹಿಡಿಯುತ್ತಿದ್ದೆ. ಅಪ್ಪ ಸತ್ತ ಮೇಲೆ ಮಗ ಕಬ್ಬಿಣದ್ದನ್ನು ತಂದ.

ಮೊದಲ ಕೈ ಎಳೆದೆ. ಗುರುಸಿದ್ದವ್ವ ತಲೆ ಎತ್ತದೆ, "ಕೆಳಗೂ ಒಂದೀಟ ಎಳಿ. ಒಳಕಲ್ಲ ಹತ್ರ ಒಂದ ಎದ್ದ ಕಾಣ್ತೈತಿ," ಎಂದಳು.

ಬಗ್ಗಿ ನೋಡಿದೆ. ಹಳೆಯದು, ಮರದ್ದು. ಕೂತವಳ ಹೆಗಲಿನ ಎತ್ತರಕ್ಕಿತ್ತು.

"ಇದು ಇವತ್ತಿಂದಲ್ರಿ ಅವ್ವಾರ."

"ನಾ ಯಾವತ್ತಿಂದು ಅಂತ ಕೇಳಿಲ್ಲ," ಎಂದಳು. ಸಿಪ್ಪೆಯನ್ನು ಮೊರದಿಂದ ಊದಿದಳು. ಅದರ ಮೇಲೂ ಮೂರು ಕೈ ಎಳೆದೆ.

ಮರುದಿನ ಕಸ್ತೂರಿ ನಮ್ಮ ಭಟ್ಟಿಗೆ ಬಂದಳು. ತವರಿನಲ್ಲಿದ್ದಳು, ಇನ್ನೂ ಅದೇ ಸೀರೆ. ಸುಣ್ಣ ಕೊತಕೊತ ಅರಳುತ್ತಿತ್ತು, ಅವಳು ದೂರ ನಿಂತು ಕೇಳಿದಳು, "ಫಕೀರಕ್ಕಾ, ಹೆಂಗ ಇದ್ದುವು?"

"ಏನವಾ?"

"ನನ್ನವು. ನಾ ನೋಡೇ ಇಲ್ಲ. ತಿರುಗಿ ನೋಡಿದ್ರ ಅಲ್ಲೇ ಕೂತಬಿಡ್ತಿದ್ನಿ, ಅದಕ್ಕ ನೋಡದ ಹೊರಗ ಬಂದೆ."

"ನಾವು ಕೈ ತಂಗೀ. ಕಣ್ಣಲ್ಲ."

"ಕೋರ್ಟಿನ್ಯಾಗ ಅಲ್ಲ. ಇಲ್ಲಿ ಯಾರದಾರ? ನೀ, ನಾ, ಒಂದ ಕತ್ತೆ."

ಕಲ್ಲು ಹೊರುವ ಕತ್ತೆ ಅವಳ ಕಡೆ ಕಿವಿ ತಿರುಗಿಸಿತು. ನಾನು ಮುಖ ತಿರುಗಿಸಿದೆ. ಕೋಲಿನಿಂದ ಸುಣ್ಣ ಕದಡುತ್ತಾ ನಿಂತೆ.

"ನಾ ಅವಗ ಜೇಲಾಗ್ಲಿ ಅಂತ ಕೇಳವಲ್ಲೆ," ಎಂದಳು. "ಆ ಮನಿಗೆ ತಿರುಗಿ ಹೋಗಬಾರ್ದು ನಾ. ಇಷ್ಟ. ನಮ್ಮಪ್ಪ ಎಲ್ಲಾರ ಮುಂದ ಹೇಳ್ಯಾನ, ಗ್ವಾಡಿ ಹೌದಂದ್ರ ಸಾಯೂತನಕ ಇಟ್ಕೋತೀನಿ, ಇಲ್ಲಂದ್ರ ನಾನ ಕರ್ಕೊಂಡ ಹೋಗಿ ಬಿಟ್ಟ ಬರ್ತೀನಿ ಅಂತ. ನೀ ಕೆರಿಯೂವಾಗ ನನ್ನ ನಾಕೂ ಕಾಣೂ ಹಂಗ ಕೆರಿ. ಹೆಚ್ಚಿಂದು ಬ್ಯಾಡ."

"ಮೂರ ಕೈ ಬಳದೀನಿ, ಮೂರ ಕೈ ಕೆರೀತೀನಿ," ಎಂದೆ. "ನಿನ್ನವು ಬಂದ ಬರ್ತಾವ."

ಅದೊಂದು ಮಾತು ಕೊಟ್ಟೆ. ಕೋರ್ಟಿನ ಪದ್ಧತಿಯೂ ಅದೇ ಆಗಿತ್ತು. ಕೊನೆಗೆ ಬಳಿದಷ್ಟನ್ನು ಮಾತ್ರ ಕೆರೆದು, ಕಂಡಷ್ಟನ್ನು ಬರೆದುಕೊಳ್ಳುವುದು. ನನ್ನ ಬಾಯಿ ಸುಮ್ಮನಿದ್ದಿದ್ದರೆ ಹಾಗೇ ಆಗುತ್ತಿತ್ತು.

ಪಂಚನಾಮೆಗೆ ನಾಲ್ಕು ದಿನ ಇದೆ ಎನ್ನುವಾಗ ಮುರಿಗೆಪ್ಪನ ವಕೀಲರು ನನ್ನನ್ನು ಕರೆಸಿದರು. ಹಂಪಣ್ಣ ವಕೀಲರು ನಗುಮುಖದ ಮನುಷ್ಯ. ಗೋಡೆ ಕೇಸುಗಳಲ್ಲಿ ಅವರನ್ನು ಬಿಟ್ಟರೆ ಇಲ್ಲ. ಜಾಮೀನಿನ ಮೇಲಿದ್ದ ಮುರಿಗೆಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದ. ವಕೀಲರು ಅವನಿಗೆ ದಾರಿಗಳನ್ನು ಹೇಳುತ್ತಿದ್ದರು, ಅಂಗಡಿಯವನಿಗೇ ಸೀರೆ ಬಿಚ್ಚಿ ತೋರಿಸುವವರಂತೆ.

"ಒಂದು, ತೇವ ಅನ್ನಬಹುದು. ನಳದ ಪೈಪ್ ಒಡದೈತಿ ಅಂತ ಪ್ಲಂಬರ್ ಕಡೆ ಬರಸೂದು. ಆದ್ರ ತೇವ ಇಷ್ಟ ಸೀದಾ ಗೆರಿ ಎಳಿಯೂದಿಲ್ಲ. ಒಲಿ ಹೊಗಿ ಅನ್ನಬಹುದು, ನಿಮ್ಮಲ್ಲಿ ಗ್ಯಾಸ್ ಐತಿ. ಆಕಿನ ಮೊದಲ ನನ್ನ ಹೊಡದ್ಲು ಅನ್ನಬಹುದು, ಆದ್ರ ಗಂಡಸಿನ ಪೆಟ್ಟು ಗ್ವಾಡಿ ಹಿಡಿಯೂದಿಲ್ಲ, ತೋರಸೂದೇನು? ರಾಜಿ ಅಂದ್ರ ಹುಡುಗಿ ಒಲ್ಲೆ ಅಂತಾಳ." ನನ್ನ ಕಡೆ ತಿರುಗಿದರು. "ನೀ ಹೇಳವಾ. ಮೂರ ಕೈ ಕೆರದ್ರ ಏನ ಬರ್ತೈತಿ?"

"ಕಣ್ಣಲ್ರಿ ನಾವು."

"ಕೈಗೆ ಏನ ಹತ್ತತೈತಿ ಅಂತ ಕೇಳೀನಿ, ಹೇಳು."

ಅಲ್ಲಿ ನಾನು ತಪ್ಪು ಮಾಡಿದೆ. ಬೆಂಚಿನ ತುದಿಯಲ್ಲಿ ಕೂತವನ ಮುಖ ನೋಡಿ, ಇವನಿಗೆ ಮನೆತನದ ಮರ್ಯಾದೆಯ ಹೆದರಿಕೆ ಹುಟ್ಟಿಸಿದರೆ ಕಸ್ತೂರಿಯನ್ನು ಬಿಟ್ಟುಕೊಟ್ಟಾನು ಎಂದುಕೊಂಡೆ. ಮೂವತ್ತು ವರ್ಷ ಮುಚ್ಚಿಕೊಂಡಿದ್ದ ಬಾಯಿ ತೆರೆದೆ.

"ಮೂರ ಕೈ ಕೆರದ್ರ ಕಸ್ತೂರವ್ವನ ನಾಕ ಬರ್ತಾವ್ರಿ. ಅಷ್ಟಕ್ಕ ನಿಂತ್ರ ನಿಮ್ಮ ಪುಣ್ಯ. ಮಣ್ಣಿನತನಕ ಕೆರದ್ರ ಸಾವ್ಕಾರ್ರ ತಂದಿ ಕಾಲದ್ದೂ ಎದ್ದ ಬರ್ತಾವ. ಊರೆಲ್ಲಾ ನೋಡೂ ಹಂಗ."

ಮುರಿಗೆಪ್ಪ ತಲೆ ತಗ್ಗಿಸಿದ. ನಾನು ಗೆದ್ದೆ ಎಂದುಕೊಂಡೆ. ಹಂಪಣ್ಣ ವಕೀಲರು ಚಹಾದ ಬಸಿ ಕೆಳಗಿಟ್ಟರು.

"ಎಷ್ಟದಾವು, ಹಳೇವು?" ಎಂದರು ಮೆಲ್ಲಗೆ.

ಆಗ ಗೊತ್ತಾಯಿತು. ಹೇಳಿದ ಮಾತಿನ ಮೇಲೆ ಬಳಿಯಲು ಸುಣ್ಣವಿಲ್ಲ.

ಪಂಚನಾಮೆಯ ದಿನ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನ್ಯಾಯಾಧೀಶರಿಗೆ ಒಲೆಯ ಕಟ್ಟೆಯ ಪಕ್ಕ ಕುರ್ಚಿ ಹಾಕಿದ್ದರು. ಸರಕಾರಿ ವಕೀಲರು ಇನ್ನೆರಡು ಗೋಡೆ ನೋಡಬೇಕೆಂದು ಗಡಿಯಾರ ನೋಡುತ್ತಿದ್ದರು. ಗುಮಾಸ್ತ ಟೇಪು ಹಿಡಿದು ನಿಂತಿದ್ದ. ಕಸ್ತೂರಿ ಬಾಗಿಲ ಹೊರಗೆ, ಅಪ್ಪನ ಹಿಂದೆ. ಗುರುಸಿದ್ದವ್ವ ಒಳಕಲ್ಲಿನ ಪಕ್ಕದ ತನ್ನ ಜಾಗದಲ್ಲೇ.

ಅಂಗೈ ತೋರಿಸಿ, ನಾನು ಕೈ, ಕಣ್ಣಲ್ಲ ಎಂದೆ. ಕರಣೆ ಎತ್ತಿದೆ. ಹಂಪಣ್ಣ ವಕೀಲರು ಎದ್ದರು.

"ಸಾಹೇಬ್ರ, ಒಂದ ವಿನಂತಿ. ಮೂರ ಪದರು ಕೆರದ ಅರ್ಧ ಸತ್ಯ ಯಾಕ ನೋಡೂದು? ನನ್ನ ಕಕ್ಷಿದಾರ ಏನೂ ಮುಚ್ಚಿಡಾಕ ತಯಾರಿಲ್ಲ. ಮಣ್ಣಿನತನಕ ಕೆರಸ್ರಿ. ಆಮ್ಯಾಲ ಬರಕೊಳ್ರಿ."

ನ್ಯಾಯಾಧೀಶರಿಗೆ ಆ ಮಾತು ಹಿಡಿಸಿತು. ಆರೋಪಿಯೇ ಹೆಚ್ಚು ಕೆರೆಯಿರಿ ಎನ್ನುವುದನ್ನು ಅವರು ಕೇಳಿರಲಿಲ್ಲ. ಸರಕಾರಿ ವಕೀಲರು ತಮ್ಮ ಅಡ್ಡಿಯಿಲ್ಲ ಎಂದರು. ಕೆರೆದೆ. ಮೂರು ಪದರು ಹೋದಾಗ ನಾಲ್ಕು ಗುರುತು ಸ್ವಚ್ಛವಾಗಿ ಕಂಡವು. ಕೈ ನಿಲ್ಲಿಸಿ ತಿರುಗಿ ನೋಡಿದೆ. ಬಾಗಿಲಲ್ಲಿ ಕಸ್ತೂರಿ ಅಪ್ಪನ ಹೆಗಲ ಮೇಲಿಂದ ಇಣುಕಿ ತನ್ನ ಬೆನ್ನನ್ನು ಮೊದಲ ಸಲ ನೋಡುತ್ತಿದ್ದಳು. "ನಡೀಲಿ, ನಡೀಲಿ," ಎಂದರು ಹಂಪಣ್ಣ ವಕೀಲರು. ಪದರು ಉದುರಿದರೆ ಗುರುತು ಉದುರುವುದಿಲ್ಲ, ಮಣ್ಣಿನವರೆಗೆ ಇಳಿದಿರುತ್ತದೆ. ಕೆರೆಯುತ್ತ ಹೋದಂತೆ ಅವುಗಳ ಅಕ್ಕಪಕ್ಕ, ಕೆಳಗೆ, ಬೇರೆಯವು ಏಳತೊಡಗಿದವು. ಸುಣ್ಣದ ಪುಡಿ ಮೂಗಿಗೆ ಅಡರಿ ಎಲ್ಲರೂ ಕೆಮ್ಮಿದರು. ಮಣ್ಣು ಕಂಡಾಗ ಗೋಡೆಯ ತುಂಬ ಇಪ್ಪತ್ತೇಳಿದ್ದವು.

ಗುಮಾಸ್ತ ಟೇಪನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಕೈ ಇಳಿಸಿದ.

"ಗುರುಸಿದ್ದವ್ವಾರ," ಎಂದರು ವಕೀಲರು, ತುಂಬ ಗೌರವದಿಂದ. "ಇವು ಯಾರವು ಅಂತ ಸಾಹೇಬ್ರಿಗೆ ಹೇಳ್ರಿ."

ಅವಳು ಮೊರ ಬದಿಗಿಟ್ಟಳು. ಶೇಂಗಾದ ಪುಡಿಯನ್ನು ಮಡಿಲಿನಿಂದ ಕೊಡವಿ, ಮಂಡಿ ಹಿಡಿದು ಎದ್ದಳು. ಮುರಿಗೆಪ್ಪ ನೆಲ ನೋಡುತ್ತ, "ಅವ್ವಾ," ಎಂದ. ಅಷ್ಟೇ.

"ನನ್ನವು," ಎಂದಳು.

"ಎಲ್ಲಾ?"

ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಊರ ಹೆಂಗಸರ್‍ಯಾರೂ ತಮ್ಮ ಎಲ್ಲವನ್ನೂ ಹಾಗೆ ಒಟ್ಟಿಗೆ ನೋಡಿರಲಾರರು. "ಎಲ್ಲಾ ನನ್ನವು. ನನ್ನ ಗಂಡ ಹೊಡದದ್ದು. ಮಗಾ ಹೊಡದಿಲ್ಲ."

ಅವಳನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದರು. ಗುಮಾಸ್ತ ಟೇಪು ಎಳೆದ. "ಈ ನಾಕೂ ಒಂದ ಗೇಣ ಮ್ಯಾಲ ಅದಾವಲ್ರಿ. ಅವ್ವಾರ ಕುಳ್ಳಗದಾರ."

"ವಯಸ್ಸಾದಮ್ಯಾಲ ಮನಷ್ಯಾ ಕುಗ್ಗತಾನ್ರಿ," ಎಂದರು ವಕೀಲರು. "ನೀವೂ ಕುಗ್ತೀರಿ, ನಾನೂ ಕುಗ್ತೀನಿ."

ಒಂದಿಬ್ಬರು ನಕ್ಕರು. ಆ ನಗು ಕೇಳಿ ನನಗೆ ತಡೆಯಲಾಗಲಿಲ್ಲ. "ಆ ನಾಕು ಕಬ್ಬಿಣದ್ದು ಸಾಹೇಬ್ರ," ಎಂದೆ. "ಎರಡ ಗೆರಿ ನೋಡ್ರಿ, ನಡುವ ಬಿಳಿ. ಉಳದದ್ದು ಮರದ ಕೋಲಿಂದು. ಇವರ ತಂದಿ ಕಾಲಕ್ಕ ಕಬ್ಬಿಣದ ಕೋಲ ಇರಲೇ ಇಲ್ರಿ. ಸೋಮವಾರ ನಾ ಬಳಿಯೂವಾಗ ಅವು ಇನ್ನೂ ಕೆಂಪಗಿದ್ದುವು."

"ಇದು ಕೈ ಏನ್ರಿ ಮಾತಾಡಿದ್ದು?" ಎಂದು ವಕೀಲರು ಪಾಟೀಸವಾಲಿಗೆ ನಿಂತರು. "ಈಗಷ್ಟ ಆಣಿ ಮಾಡೀದಿ. ಆಣಿ ಸುಳ್ಳೋ, ಮಾತ ಸುಳ್ಳೋ?"

"ಕಂಡದ್ದ ಹೇಳೀನ್ರಿ."

"ಕಂಡಿದ್ರ ಯಾಕ ಬಳದಿ? ಸಾಕ್ಷಿ ಮುಚ್ಚಿದಾಕಿ ನೀನ. ನಿನ್ನ ಮ್ಯಾಲ ಮೊದಲ ಕೇಸ ಆಗಬೇಕಲ್ಲ? ಈ ಊರಾಗ ಎಷ್ಟ ಗ್ವಾಡಿ ಮುಚ್ಚೀದಿ, ಎಲ್ಲಾ ಹೇಳತೀಯೇನು ಇವತ್ತ?"

ಹೇಳಬೇಕಾಗಿತ್ತು. ಹೇಳುತ್ತೇನೆ, ಬರೆದುಕೊಳ್ಳಿ, ಮೊದಲ ಮನೆ ನ್ಯಾಯಾಧೀಶರದೇ ಎನ್ನಬೇಕಾಗಿತ್ತು. ನಾಲಿಗೆಯ ಮೇಲೆ ಸುಣ್ಣದ ಪುಡಿ ಕೂತಿತ್ತು. ನಾನು ಕರಣೆ ಕೆಳಗಿಟ್ಟೆ. ನ್ಯಾಯಾಧೀಶರು ನನ್ನ ಮಾತನ್ನು ಕಾಗದದಿಂದ ಹೊಡೆದುಹಾಕಲು ಹೇಳಿದರು. ಗುಮಾಸ್ತ ಅಡ್ಡಗೆರೆ ಎಳೆದ.

ಹದಿನೈದು ದಿನಕ್ಕೆ ತೀರ್ಪು ಬಂತು. ಇಪ್ಪತ್ತೇಳು ಗುರುತುಗಳೂ ತನ್ನವೆಂದು ಆರೋಪಿಯ ತಾಯಿ ಸ್ವಇಚ್ಛೆಯಿಂದ ಒಪ್ಪಿಕೊಂಡಿರುವುದರಿಂದ, ದೂರುದಾರಳದೆಂದು ಹೇಳಲು ಒಂದೂ ಉಳಿಯುವುದಿಲ್ಲ, ಸಂಶಯದ ಲಾಭ ಆರೋಪಿಗೆ, ಖುಲಾಸೆ. ಕೊನೆಯಲ್ಲಿ ನ್ಯಾಯಾಧೀಶರು ಕನ್ನಡಕ ತೆಗೆದು ಕಸ್ತೂರಿಗೆ ಹಿತವಚನ ಹೇಳಿದರು. ಹಳೆಯದನ್ನು ಮರೆತು ಸಂಸಾರ ಮಾಡಬೇಕು. ಅವಳು ಹೊಸ್ತಿಲು ದಾಟುವ ದಿನವೇ ಗೋಡೆಗೆ ಸುಣ್ಣ ಬಳಿಸಿ ಶುಭ್ರ ಮಾಡಬೇಕು. ಬಳಿಯಲು ನನಗೇ ಹುಕುಂ ಆಯಿತು. ಕೋರ್ಟಿನ ಮೆಟ್ಟಿಲ ಮೇಲೆ ಕಸ್ತೂರಿ ಅಪ್ಪನ ಕೈ ಹಿಡಿದು ಏನೋ ಹೇಳಿದಳು. ಅವನು ಕೈ ಬಿಡಿಸಿಕೊಂಡು, "ಗ್ವಾಡೀನ ಇಲ್ಲಂತು. ನಾ ಏನ ಮಾಡ್ಲಿ?" ಎಂದ. ನನ್ನ ಪಕ್ಕದಿಂದ ಹಾದುಹೋಗುವಾಗ ಅವಳು ನನ್ನನ್ನು ಬೈಯಲಿಲ್ಲ. "ಹೆಂಗ ಇದ್ದುವು ಅಂತ ನೋಡಿದೆ ಫಕೀರಕ್ಕ," ಎಂದಳು. "ನೋಡಬಾರದಾಗಿತ್ತು."

ಶುಕ್ರವಾರ ಬೆಳಿಗ್ಗೆ ಬಕೆಟ್ಟು, ಕುಂಚ ತೆಗೆದುಕೊಂಡು ಮುರಿಗೆಪ್ಪನ ಮನೆಗೆ ಹೋದೆ. ಹುಕುಂ ಇತ್ತು, ನನ್ನ ಮೇಲೆ ಕೇಸಿನ ಹೆದರಿಕೆಯೂ ಇತ್ತು. ಹೊರಗಿನ ಕಟ್ಟೆಯ ಮೇಲೆ ಕಸ್ತೂರಿಯ ಕೈಚೀಲವಿತ್ತು, ಅವಳಪ್ಪ ಆಗಲೇ ಹೊರಟುಹೋಗಿದ್ದ. ಕಸ್ತೂರಿ ಒಳಗೆ ಒಲೆಯ ಮುಂದೆ ನಿಂತು ಚಹಾಕ್ಕೆ ನೀರಿಟ್ಟಿದ್ದಳು. ನನ್ನ ಕಡೆಗಾಗಲಿ ಗೋಡೆಯ ಕಡೆಗಾಗಲಿ ತಿರುಗಲಿಲ್ಲ. ಬಾಗಿಲ ಮೂಲೆಗೆ ಮೀಟರ್ ಕೋಲು ಒರಗಿತ್ತು. ಕೇಸಿಗೆ ಜಪ್ತಿ ಮಾಡಿದಾಗ ಹಚ್ಚಿದ ಕೋರ್ಟಿನ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಮುರಿಗೆಪ್ಪ ಅಂಗಡಿಯ ಬೀಗದ ಕೈ ಕುಣಿಸುತ್ತ, "ಜಲ್ದಿ ಮುಗಸ ಫಕೀರಿ. ನಾಕ ಕೈ ಎಳಿ, ಗಟ್ಟಿ ಇರಲಿ," ಎಂದ.

ಕುಂಚ ಅದ್ದಿದೆ. ಅದ್ದಿದೆ ಎಂದೇ ಬರೆಯುತ್ತೇನೆ. ಗೋಡೆಯ ಕಡೆ ತಿರುಗಿದಾಗ ಗುರುಸಿದ್ದವ್ವ ಅಲ್ಲಿ ನಿಂತಿದ್ದಳು. ಪಂಚನಾಮೆಯ ದಿನ ನಿಲ್ಲಿಸಿದ್ದ ಹಾಗೆಯೇ, ಬೆನ್ನು ಗೋಡೆಗೆ ಹಚ್ಚಿ. ಎರಡೂ ಅಂಗೈ ಹಿಂದಕ್ಕೆ ಚಾಚಿ ಗೋಡೆಯನ್ನು ಹಿಡಿದಿದ್ದಳು.

"ಆಕಡಿ ಸರಿ ಅವ್ವಾ," ಎಂದ ಮಗ. "ಸುಣ್ಣ ಸಿಡೀತೈತಿ."

"ಸಿಡೀಲಿ."

"ಏನ ಇದು?"

"ಇವೆಲ್ಲಾ ನನ್ನವು. ಸರಕಾರದವ್ರು ಬರಕೊಂಡಾರ."

"ಕೇಸ ಮುಗೀತಲ್ಲ ಬೇ."

"ನಿಮ್ಮಪ್ಪ ಇದ್ದಾಗ ಒಂದನೂ ನಂದು ಅನ್ನಾಕ ಬಿಡಲಿಲ್ಲ. ನೀ ಇಪ್ಪತ್ತೇಳೂ ಅನ್ನಿಸಿದಿ." ಅವಳ ದನಿ ಏರಲಿಲ್ಲ. "ನಾಕ ನನ್ನವಲ್ಲ. ನೀ ಅವ್ವಾ ಅಂದಿ ಅಂತ ಅಂದೆ. ಈಗ ಅವೂ ನನ್ನವ."

ಒಲೆಯ ಮುಂದೆ ಕಸ್ತೂರಿಯ ಕೈ ನಿಂತಿತ್ತು. ನೀರು ಕುದಿಯುತ್ತಿತ್ತು, ಅವಳು ಪುಡಿ ಹಾಕಲಿಲ್ಲ. ನನ್ನ ಕುಂಚದಿಂದ ಸುಣ್ಣ ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.

ಮುರಿಗೆಪ್ಪ ಬಾಗಿಲ ಮೂಲೆಯ ಕಡೆ ಒಂದು ಹೆಜ್ಜೆ ಇಟ್ಟ. ಅದನ್ನು ನಾವು ಮೂವರೂ ನೋಡಿದೆವು. "ಕಡೀ ಸಲ ಹೇಳ್ತೀನಿ," ಎಂದ. "ಸರಿತೀಯೋ ಇಲ್ಲೋ?"

ಗುರುಸಿದ್ದವ್ವ ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿದಳು.

"ಒಲ್ಲೆ," ಎಂದಳು.